35 ಲಕ್ಷ ಕೈಗೆ ಬಂದರೂ ತಿಂಗಳ ಖರ್ಚಿಗೆ ತಡಕಾಟ: ಮೈಸೂರಿನ ಒಂದು ನಿವೃತ್ತಿ ಪ್ರಕರಣ

ಈ ಪ್ರಕರಣದಲ್ಲಿ ಬರುವ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಕಾರ್ಖಾನೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಯಜಮಾನರನ್ನು ಸಿದ್ದಣ್ಣ ಅಂತ, ಅವರ ಹೆಂಡತಿಯನ್ನು ಜಯಮ್ಮ ಅಂತ ಕರೆಯೋಣ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪರಿಚಯದವರು ಪಾಸ್‌ಬುಕ್ ಹಿಡಿದುಕೊಂಡು ಬಂದರೆ ಕೂತು ಲೆಕ್ಕ ನೋಡುತ್ತೇನೆ, ಅಷ್ಟೆ.

ಹಿನ್ನೆಲೆ

ಸಿದ್ದಣ್ಣನವರ ಊರು ಮದ್ದೂರಿನ ಕಡೆ. 1988ರಲ್ಲಿ, 23ನೇ ವಯಸ್ಸಿಗೆ ಮೈಸೂರಿನ ಒಂದು ಖಾಸಗಿ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದರು. 35 ವರ್ಷ ಅಲ್ಲೇ ದುಡಿದು, 2023ರ ಜೂನ್‌ನಲ್ಲಿ 58 ತುಂಬಿದಾಗ ಸೂಪರ್‌ವೈಸರ್ ಆಗಿ ಹೊರಬಂದರು. ಸ್ವಂತ ಮನೆ ಇದೆ. ಕೆಳಗೆ ಇವರ ವಾಸ, ಮೇಲೆ ಎರಡು ಕೋಣೆಯ ಒಂದು ಪುಟ್ಟ ಮನೆ. ಮಗಳ ಮದುವೆ ಆಗಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಊರಿನಲ್ಲಿ ಒಂದು ಎಕರೆ ಎಂಟು ಗುಂಟೆ ನಾಲೆ ಬಯಲಿನ ಜಮೀನಿದೆ. ಅಣ್ಣನ ಮಗ ಅದರಲ್ಲಿ ಕಬ್ಬು ಹಾಕುತ್ತಾನೆ. ಜಯಮ್ಮ ಅವರಿಗಿಂತ ಐದು ವರ್ಷ ಚಿಕ್ಕವರು.

ನಿವೃತ್ತಿಯಾದಾಗ ಬಂದ ಹಣ ಹೀಗಿತ್ತು. ಪಿಎಫ್ 26.4 ಲಕ್ಷ. ಗ್ರಾಚ್ಯುಟಿ 7.27 ಲಕ್ಷ, ಅಂದರೆ ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 36,000, ಅದಕ್ಕೆ 15 ಭಾಗಿಸು 26, ಗುಣಿಸು 35 ವರ್ಷ. ರಜೆ ನಗದು 1.8 ಲಕ್ಷ. ಒಟ್ಟು 35 ಲಕ್ಷ ದಾಟಿತು. ಅಷ್ಟು ದುಡ್ಡನ್ನು ಅವರ ವಂಶದಲ್ಲಿ ಯಾರೂ ಒಟ್ಟಿಗೆ ಕಂಡಿರಲಿಲ್ಲ.

ಪಿಂಚಣಿ ಮಾತ್ರ ತಿಂಗಳಿಗೆ 4,180 ರೂಪಾಯಿ. ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಕೊನೆಯ ಸಂಬಳ ಎಷ್ಟೇ ಇರಲಿ, ಇಪಿಎಸ್ (ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿ ಇದೆ. 2014ರ ಸೆಪ್ಟೆಂಬರ್‌ವರೆಗಿನ ಸೇವೆಗೆ 6,500, ಅಲ್ಲಿಂದ ಮುಂದಕ್ಕೆ 15,000. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹೆಚ್ಚು ಸಂಬಳಕ್ಕೆ ಹೆಚ್ಚು ಪಿಂಚಣಿ ಕೊಡುವ ಆಯ್ಕೆ ಬೇರೆ ಇದೆ, ಸಿದ್ದಣ್ಣ ಅದರಲ್ಲಿ ಇರಲಿಲ್ಲ. "35 ವರ್ಷ ದುಡಿದದ್ದಕ್ಕೆ ಹಾಲಿನ ಬಿಲ್ಲು, ಗ್ಯಾಸು, ಕರೆಂಟು" ಅಂತ ಅವರೇ ನಗುತ್ತಾರೆ.

ಮೊದಲ ವರ್ಷ ಹಣ ಎಲ್ಲಿ ಹೋಯಿತು

ಅವರು ನನ್ನ ಹತ್ತಿರ ಬಂದಿದ್ದು 2024ರ ಜುಲೈನಲ್ಲಿ. ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ. ಅದರಲ್ಲಿ ಮೇಲೆಯೇ ಇದ್ದದ್ದು ಒಂದು ನೋಟಿಸ್: "ನಿಮ್ಮ ಎರಡನೇ ವರ್ಷದ ಪ್ರೀಮಿಯಂ 3,00,000 ರೂಪಾಯಿ ಪಾವತಿಗೆ ಬಾಕಿ ಇದೆ."

"ಇದೇನ್ ಸಾರ್, ನಾನು ಎಫ್‌ಡಿ ಇಟ್ಟಿದ್ದು. ಎಫ್‌ಡಿಗೆ ಯಾರಾದ್ರೂ ಮತ್ತೆ ದುಡ್ಡು ಕೇಳ್ತಾರಾ?" ಅಂದರು.

ಒಂದೊಂದೇ ಕಾಗದ ತೆಗೆದು ನೋಡಿದೆವು. ಮಗನ ಫ್ಲ್ಯಾಟ್ ಅಡ್ವಾನ್ಸಿಗೆ 8 ಲಕ್ಷ. ಬ್ಯಾಂಕಿನಲ್ಲಿ ಐದು ವರ್ಷದ ಎಫ್‌ಡಿ 15 ಲಕ್ಷ. ಅದೇ ಬ್ಯಾಂಕಿನ ಕೌಂಟರಿನಲ್ಲಿ "ಎಫ್‌ಡಿಗಿಂತ ಒಳ್ಳೇದು" ಅಂತ ಹೇಳಿ ಮಾಡಿಸಿದ್ದ ವಿಮೆ 3 ಲಕ್ಷ. ಗೆಳೆಯರೊಬ್ಬರ ಮಾತಿನ ಮೇಲೆ ಒಂದು ಸಹಕಾರ ಸೊಸೈಟಿಯಲ್ಲಿ 11% ಬಡ್ಡಿಗೆ 4 ಲಕ್ಷ. ಜಯಮ್ಮನ ಪಿತ್ತಕೋಶದ ಆಪರೇಷನ್‌ಗೆ 1.4 ಲಕ್ಷ ನಗದು. ತಾರಸಿ ರಿಪೇರಿ, ಕಾಶಿ ಯಾತ್ರೆ ಸೇರಿ 1.6 ಲಕ್ಷ. ಮಿಕ್ಕ 2.4 ಲಕ್ಷ ಉಳಿತಾಯ ಖಾತೆಯಲ್ಲಿ ಇತ್ತು. ಅದೀಗ 90 ಸಾವಿರಕ್ಕೆ ಇಳಿದಿತ್ತು.

ಏಕೆ ಇಳಿಯಿತು ಅಂದರೆ, ಮನೆ ಖರ್ಚು ತಿಂಗಳಿಗೆ 26 ಸಾವಿರ. ಬರುತ್ತಿದ್ದದ್ದು 4,180, ಜೊತೆಗೆ ಸೊಸೈಟಿ ಬಡ್ಡಿ. 15 ಲಕ್ಷದ ಎಫ್‌ಡಿ ಇತ್ತಲ್ಲ, ಅದರ ಬಡ್ಡಿ ಎಲ್ಲಿ ಅಂತ ಕೇಳಿದೆ. ಬಾಂಡ್ ತೆಗೆದು ನೋಡಿದರೆ ಕ್ಯುಮ್ಯುಲೇಟಿವ್. ಐದು ವರ್ಷ ಮುಗಿದ ಮೇಲೆ ಅಸಲು ಬಡ್ಡಿ ಒಟ್ಟಿಗೆ ಬರುವ ಬಗೆ. ಕೆಲಸದಲ್ಲಿದ್ದಾಗ ಹಾಗೆ ಇಟ್ಟೇ ಅಭ್ಯಾಸ, ಅದನ್ನೇ ಮುಂದುವರಿಸಿದ್ದರು. ಜಮೀನಿನ ಕಥೆಯೂ ಅಷ್ಟೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲಿಲ್ಲ, ನಾಲೆಗೆ ನೀರು ಸರಿಯಾಗಿ ಬರಲಿಲ್ಲ. ಕಬ್ಬಿನಿಂದ ಬರುತ್ತೆ ಅಂದುಕೊಂಡಿದ್ದರಲ್ಲಿ ಅರ್ಧ ಮಾತ್ರ ಬಂತು.

ಜಯಮ್ಮ ಕೇಳಿದ ಪ್ರಶ್ನೆ

ಇಷ್ಟು ಹೊತ್ತು ಜಯಮ್ಮ ಸುಮ್ನೆ ಕೂತಿದ್ದರು. ಅವರ ಕೈಯಲ್ಲಿ ಗೋಡೆ ಕ್ಯಾಲೆಂಡರಿನ ಹಳೆ ಹಾಳೆಗಳಿದ್ದವು. ಹಾಲು, ಪೇಪರು, ತರಕಾರಿ, ಔಷಧಿ, ಎಲ್ಲದರ ಲೆಕ್ಕವನ್ನು ಅವರು ಆಯಾ ತಿಂಗಳ ಹಾಳೆಯ ಹಿಂಭಾಗದಲ್ಲೇ ಬರೆದಿಡುತ್ತಾರೆ. ನಾನು "26 ಸಾವಿರ" ಅಂತ ಮೇಲೆ ಬರೆದ ಅಂಕಿ ಬಂದದ್ದು ಅಲ್ಲಿಂದಲೇ. ಸಿದ್ದಣ್ಣನವರ ಬಾಯಲ್ಲಿ ಖರ್ಚು 18 ಸಾವಿರ ಇತ್ತು!

ಆಮೇಲೆ ಅವರು ಒಂದೇ ಮಾತು ಕೇಳಿದರು. "ಇವ್ರಿಲ್ದೆ ಹೋದ್ರೆ ನಂಗೆ ತಿಂಗ್ಳಿಗೆ ಎಷ್ಟ್ ಬತ್ತದಣ್ಣ?"

ಸಿದ್ದಣ್ಣ "ಥೂ, ಏನ್ ಮಾತು ಅಂತ ಆಡ್ತೀಯ" ಅಂದರು. ನಾನು ಲೆಕ್ಕ ಹಾಕಿದೆ. ಇಪಿಎಸ್‌ನಲ್ಲಿ ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಅರ್ಧ ಬರುತ್ತದೆ. ಅಂದರೆ 2,090. ಎಫ್‌ಡಿ ಒಬ್ಬರದೇ ಹೆಸರಿನಲ್ಲಿತ್ತು, ನಾಮಿನಿ ಜಾಗ ಖಾಲಿ. ಸೊಸೈಟಿ ರಸೀದಿಯೂ ಅವರ ಹೆಸರಿನಲ್ಲೇ. ಹಾಗಾಗಿ ಪ್ರಾಮಾಣಿಕ ಉತ್ತರ: 2,090 ರೂಪಾಯಿ.

ಅಲ್ಲಿಂದ ಮುಂದೆ ನಾವು ಮಾಡಿದ ಎಲ್ಲವೂ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ ಆಯಿತು. ಅಲ್ಲಿಯವರೆಗೆ ನಾನೂ "ಸಿದ್ದಣ್ಣನ ನಿವೃತ್ತಿ" ಅಂತಲೇ ಯೋಚಿಸುತ್ತಿದ್ದೆ. ಹೆಂಡತಿ ಐದು ವರ್ಷ ಚಿಕ್ಕವರಾಗಿದ್ದರೆ ಹಣ ನಡೆಯಬೇಕಾದ್ದು ಅವರ ಆಯಸ್ಸಿನ ಉದ್ದಕ್ಕೆ.

ವಿಮೆಯ ಗಂಟು

ಮೊದಲು ಬೆಂಕಿ ಹತ್ತಿದ್ದ ಕಡೆ ಹೋದೆವು. ಆ ವಿಮೆ ವರ್ಷಕ್ಕೆ 3 ಲಕ್ಷದಂತೆ ಹತ್ತು ವರ್ಷ ಕಟ್ಟುವಂಥದ್ದು. 68ನೇ ವಯಸ್ಸಿನವರೆಗೆ. ಬಾಂಡ್ ಕೊರಿಯರ್‌ನಲ್ಲಿ ಬಂದಿತ್ತು. ಜಯಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬೀರುವಿನಲ್ಲಿ ಇಟ್ಟಿದ್ದರು. ಕವರ್ ಒಡೆದಿರಲಿಲ್ಲ. ಬಾಂಡ್ ಕೈಗೆ ಬಂದ ಮೇಲೆ ಬೇಡ ಅಂತ ವಾಪಸ್ ಮಾಡಲು ಫ್ರೀ ಲುಕ್ ಅಂತ ಒಂದು ಗಡುವು ಇರುತ್ತದೆ. ಆಗ ಅದು 15 ದಿನ ಇತ್ತು, 2024ರಿಂದ 30 ದಿನ ಮಾಡಿದ್ದಾರೆ. ಇವರಿಗೆ ಅದು ಎಂದೋ ಮುಗಿದಿತ್ತು.

ದಾರಿ ಎರಡು ಕಂಡವು. ಕಟ್ಟುವುದನ್ನು ನಿಲ್ಲಿಸಿದರೆ, ಆಗಿನ ನಿಯಮದ ಪ್ರಕಾರ ಎರಡು ವರ್ಷದ ಕಂತು ಕಟ್ಟದೆ ಸರೆಂಡರ್ ಮೌಲ್ಯವೇ ಇಲ್ಲ, ಅಂದರೆ ಪಾಲಿಸಿಯನ್ನು ಮಧ್ಯದಲ್ಲಿ ಬಿಟ್ಟರೆ ಏನೂ ವಾಪಸ್ ಸಿಗುವುದಿಲ್ಲ. 3 ಲಕ್ಷ ಪೂರ್ತಿ ಹೋಗುತ್ತದೆ. ಇನ್ನೊಂದು ಕಂತು ಕಟ್ಟಿ ಸರೆಂಡರ್ ಮಾಡಿದರೆ ಖಾತರಿಯಾಗಿ ಸಿಗುವುದು ಕಟ್ಟಿದ್ದರ 30%. ಅಂದರೆ 6 ಲಕ್ಷ ಕಟ್ಟಿ 1.8 ಲಕ್ಷ ವಾಪಸ್, ನಷ್ಟ 4.2 ಲಕ್ಷ. ಬ್ಯಾಂಕಿನವರು "ಇನ್ನೊಂದು ಕಂತು ಕಟ್ಟಿಬಿಡಿ ಸಾರ್, ಇಲ್ಲಾಂದ್ರೆ ಎಲ್ಲಾ ಹೋಗುತ್ತೆ" ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಸಿದ್ದಣ್ಣ ಎಫ್‌ಡಿ ಮುರಿದು ಕಟ್ಟಲು ಹೊರಟೇ ಬಿಟ್ಟಿದ್ದರು. ಹೋದ ದುಡ್ಡನ್ನು ಉಳಿಸಿಕೊಳ್ಳಲು ಇನ್ನಷ್ಟು ದುಡ್ಡು ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಕಾಗದದ ಮೇಲೆ 3 ಮತ್ತು 4.2 ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದ ಮೇಲೆ ಕೂತರು. (2024ರ ಅಕ್ಟೋಬರ್‌ನಿಂದ ನಿಯಮ ಬದಲಾಗಿ, ಹೊಸ ಪಾಲಿಸಿಗಳಲ್ಲಿ ಒಂದು ವರ್ಷದ ಕಂತಿನ ಮೇಲೂ ಸ್ವಲ್ಪ ಸಿಗುತ್ತದೆ. ಇವರದು ಹಳೆಯದು.)

ಮೂರನೇ ದಾರಿ ಬಾಂಡಿನ ಒಳಗೇ ಇತ್ತು. ಪ್ರಪೋಸಲ್ ಫಾರಂನ, ಅಂದರೆ ವಿಮೆ ಮಾಡಿಸುವಾಗ ತುಂಬಿದ ಅರ್ಜಿಯ, ನಕಲು ಬಾಂಡಿನ ಜೊತೆ ಬಂದಿರುತ್ತದೆ, ಯಾರೂ ಓದುವುದಿಲ್ಲ. ಓದಿದೆವು. ಉದ್ಯೋಗ ಅನ್ನುವ ಕಡೆ "ವ್ಯಾಪಾರ". ವಾರ್ಷಿಕ ಆದಾಯ "12 ಲಕ್ಷ". ಸಿದ್ದಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ನಾನ್ಯಾವಾಗ ವ್ಯಾಪಾರ ಮಾಡ್ದೆ?" ಸಹಿ ಮಾತ್ರ ಅವರದೇ. ಖಾಲಿ ಫಾರಂಗೆ ಹಾಕಿಸಿಕೊಂಡಿದ್ದರು.

ಇದನ್ನೇ ಹಿಡಿದು 2024ರ ಆಗಸ್ಟ್‌ನಲ್ಲಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದೆವು. ಒಂದೂವರೆ ಪುಟ, ಕನ್ನಡದಲ್ಲೇ. ನಿವೃತ್ತಿಯ ದಿನಾಂಕದ ಪತ್ರ, ಪಿಂಚಣಿ ಆದೇಶ, ಫಾರಂನ ನಕಲು ಲಗತ್ತಿಸಿದೆವು. "ನಿಮ್ಮ ಸಹಿ ಇದೆ, ಫೋನಿನಲ್ಲಿ ಒಪ್ಪಿದ್ದೀರಿ" ಅಂತ ಉತ್ತರ ಬಂತು. ಆ ಫೋನ್ ಬಂದಾಗ "ಎಲ್ಲದಕ್ಕೂ ಹೂಂ ಅನ್ನಿ" ಅಂತ ಪಕ್ಕದಲ್ಲಿ ಕೂತವರು ಹೇಳಿಕೊಟ್ಟಿದ್ದರಂತೆ. ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಹತ್ತಿರ, ಹೋದೆವು. ಅಲ್ಲಿಗೆ ಫೀಸು ಇಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಕಂಪನಿ ತಿರಸ್ಕರಿಸಿದರೆ, ಇಲ್ಲವೇ ತಿಂಗಳಾದರೂ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬಹುದು. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.

2025ರ ಫೆಬ್ರುವರಿಯಲ್ಲಿ 3 ಲಕ್ಷ ವಾಪಸ್ ಬಂತು. ಬಡ್ಡಿ ಇಲ್ಲ. ಒಂದೂವರೆ ವರ್ಷದ ಬಡ್ಡಿ ಹೋದದ್ದು ಹೋಯಿತು. ಎಲ್ಲರಿಗೂ ಹೀಗೆ ಸಿಗುತ್ತೆ ಅಂತ ನಾನು ಹೇಳಲಾರೆ. ಫಾರಂನಲ್ಲಿ ಅಷ್ಟು ಹಸಿ ಸುಳ್ಳು ಇರದಿದ್ದರೆ ನಮ್ಮ ಕೈ ಖಾಲಿಯೇ.

ತಿಂಗಳ ವರಮಾನ ಕಟ್ಟಿದ್ದು

ಎಫ್‌ಡಿಯನ್ನು 2024ರ ಜುಲೈನಲ್ಲೇ ಮುರಿಸಿದೆ. ದಂಡದ ಬಡ್ಡಿ ಕಳೆದು 15.9 ಲಕ್ಷ ಬಂತು. ಮುರಿಯಲು ಸಿದ್ದಣ್ಣನಿಗೆ ಮನಸ್ಸಿರಲಿಲ್ಲ. ದಂಡ ಕೊಟ್ಟು ಮುರಿಯುವುದು ಅವರಿಗೆ ತಪ್ಪು ಮಾಡಿದ ಹಾಗೆ.

ಅದರಲ್ಲಿ 9 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಹೆಸರಲ್ಲಿ ಇಟ್ಟೆವು. ಬಡ್ಡಿ 7.4%, ತಿಂಗಳಿಗೆ 5,550. ಒಬ್ಬರದೇ ಹೆಸರಾದರೆ 9 ಲಕ್ಷದ ಮಿತಿ, ಜಂಟಿಯಾದರೆ 15 ಲಕ್ಷ. 2 ಲಕ್ಷ ಆಪತ್ತಿಗೆ ಅಂತ ಪಕ್ಕಕ್ಕೆ. ಉಳಿದದ್ದು ಒಂದು ವರ್ಷದ ಎಫ್‌ಡಿಗೆ.

ಒಂದೇ ವರ್ಷ ಏಕೆ ಅಂದರೆ, 2025ರ ಜೂನ್‌ಗೆ ಸಿದ್ದಣ್ಣನಿಗೆ 60 ತುಂಬುತ್ತಿತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಆಗ ತೆರೆಯುತ್ತದೆ. ಬಡ್ಡಿ 8.2%, ಮೂರು ತಿಂಗಳಿಗೊಮ್ಮೆ ಖಾತೆಗೆ, 30 ಲಕ್ಷದವರೆಗೆ ಇಡಬಹುದು. ಇಲ್ಲಿ ಒಂದು ಹೊಟ್ಟೆ ಉರಿಯುವ ವಿಷಯ ಇದೆ. ನಿವೃತ್ತಿಯಾಗಿ ಬಂದವರು 55 ದಾಟಿದ್ದರೆ 60ರವರೆಗೆ ಕಾಯಬೇಕಾಗಿಯೇ ಇಲ್ಲ. ನಿವೃತ್ತಿಯ ಹಣ ಕೈಗೆ ಬಂದ ಒಂದು ತಿಂಗಳೊಳಗೆ ಇಟ್ಟರೆ ಆಯಿತು. 2023ರ ನವೆಂಬರ್‌ನಲ್ಲಿ ಆ ಗಡುವನ್ನು ಮೂರು ತಿಂಗಳು ಮಾಡಿದರು. ಸಿದ್ದಣ್ಣ ವಿಚಾರಿಸಿದಾಗ "ನಿಮಗಿನ್ನೂ 60 ಆಗಿಲ್ವಲ್ಲ" ಅಂತ ಯಾರೋ ಹೇಳಿದರು, ಇವರು ಎದ್ದು ಬಂದರು. ಆ ಒಂದು ಮಾತು ಎರಡು ವರ್ಷ ನುಂಗಿತು. ಇಡೀ ಪ್ರಕರಣದಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಆದ ನಷ್ಟ ಇದೊಂದೇ.

ಮುಂದಿನದು ಮೇಲಿನ ಮನೆ. ಮಗ ಬಂದಾಗ ಇರಲಿ ಅಂತ ಅದನ್ನು ಬೀಗ ಹಾಕಿ ಇಟ್ಟಿದ್ದರು. ಮಗ ವರ್ಷಕ್ಕೆ ಹೆಚ್ಚೆಂದರೆ ಎಂಟು ಹತ್ತು ದಿನ ಬರುತ್ತಾನೆ. ಬಾಡಿಗೆಗೆ ಕೊಡಿ ಅಂದಾಗ ಸಿದ್ದಣ್ಣ "ಮಗ, ಸೊಸೆ ಬಂದ್ರೆ ಎಲ್ಲಿ ಮಲಗ್ತಾರೆ?" ಅಂದರು. ಜಯಮ್ಮ "ಹಾಲ್ ಐತೆ, ಚಾಪೆ ಐತೆ" ಅಂದರು. ಅಲ್ಲಿಗೆ ತೀರ್ಮಾನ ಆಯಿತು. 6 ಲಕ್ಷಕ್ಕೆ ಭೋಗ್ಯಕ್ಕೆ ಕೊಡಿ ಅಂತ ಒಬ್ಬರು ಬಂದಿದ್ದರು. ಒಟ್ಟು ದುಡ್ಡು ಅಂದಕೂಡಲೇ ಸಿದ್ದಣ್ಣನ ಕಣ್ಣು ಅರಳಿತು. ಆದರೆ ಭೋಗ್ಯದ ಹಣ ಮೂರು ವರ್ಷಕ್ಕೆ ವಾಪಸ್ ಕೊಡಬೇಕಾದ ಸಾಲ. ಈ ಮನೆಗೆ ಬೇಕಾಗಿದ್ದದ್ದು ತಿಂಗಳು ತಿಂಗಳು ಬರುವ ದುಡ್ಡು. ತಿಂಗಳಿಗೆ 9,000 ಬಾಡಿಗೆ, 80 ಸಾವಿರ ಅಡ್ವಾನ್ಸ್ ಅಂತ ಆಯಿತು. ಅಡ್ವಾನ್ಸನ್ನು ಮುಟ್ಟಬಾರದು ಅಂತ ಬೇರೆ ಖಾತೆಯಲ್ಲಿ ಇಡಿಸಿದೆ.

ಮಗನಿಗೆ ಕೊಟ್ಟ 8 ಲಕ್ಷ

ಇದರ ಬಗ್ಗೆ ಮಾತಾಡಲು ಮೂರು ಸಲ ಕೂರಬೇಕಾಯಿತು. ವಾಪಸ್ ಕೇಳಿ ಅಂತ ನಾನು ಹೇಳಿದ್ದು ನಿಜ. ಈಗ ಯೋಚಿಸಿದರೆ ನಾನು ಹೇಳಿದ ರೀತಿ ಸರಿಯಿರಲಿಲ್ಲ. ಮಗನ ತಲೆ ಮೇಲೆ ಗೃಹ ಸಾಲದ ಕಂತಿದೆ, ಅವನ ಹತ್ತಿರ ಒಟ್ಟಿಗೆ ಕೊಡಲು ಇಲ್ಲ. ಕೇಳಿದರೆ ಮನಸ್ಸು ಮುರಿಯುತ್ತದೆ, ದುಡ್ಡೂ ಬರುವುದಿಲ್ಲ.

ಇನ್ನೊಂದು ಕಡೆ ಆರೋಗ್ಯ ವಿಮೆಯ ಚಿಂತೆ ಇತ್ತು. ಕಾರ್ಖಾನೆಯ ಮೆಡಿಕ್ಲೈಮ್ ನಿವೃತ್ತಿಯ ದಿನವೇ ನಿಂತಿತ್ತು. ಆ ಗುಂಪು ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ಇರುತ್ತದೆ, ಹಳೆಯ ಕಾಯಿಲೆಗೆ ಕ್ಲೈಮ್ ಸಿಗಲು ಕಾಯಬೇಕಾದ ಅವಧಿಯಲ್ಲಿ ಆಗಲೇ ಕಳೆದದ್ದೂ ಲೆಕ್ಕಕ್ಕೆ ಬರುತ್ತದೆ. ಆದರೆ ಕೆಲಸ ಬಿಡುವ ಮುಂಚೆ ಕೇಳಿಕೊಳ್ಳಬೇಕು. ಇವರಿಗೆ ಯಾರೂ ಹೇಳಲಿಲ್ಲ. ಐದು ತಿಂಗಳಿಗೆ ಜಯಮ್ಮನ ಆಪರೇಷನ್ ಬಂತು.

ಹೊಸದಾಗಿ ಇಬ್ಬರಿಗೂ ಸೇರಿ 5 ಲಕ್ಷದ ಪಾಲಿಸಿ ತೆಗೆದೆವು. ಸಿದ್ದಣ್ಣನಿಗೆ ಶುಗರ್, ಬಿಪಿ ಎರಡೂ ಇವೆ. ಏಜೆಂಟ್ "ಬರೆಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ. ಬರೆಸಿದೆವು. ಪ್ರೀಮಿಯಂ 41 ಸಾವಿರಕ್ಕೆ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕು, ಅದು ಈಗಿನ ಗರಿಷ್ಠ ಮಿತಿ. ಮುಚ್ಚಿಟ್ಟು ಕ್ಲೈಮ್ ಹೊತ್ತಿಗೆ ಸಿಕ್ಕಿಬೀಳುವುದಕ್ಕಿಂತ ಕಾಯುವುದೇ ವಾಸಿ. (2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿನ ಜಿಎಸ್‌ಟಿ ತೆಗೆದಿದ್ದಾರೆ.)

ಈ 41 ಸಾವಿರ ಎಲ್ಲಿಂದ ತರುವುದು ಅಂತ ಕೂತಿದ್ದಾಗ ಜಯಮ್ಮನೇ ಮಗನಿಗೆ ಫೋನ್ ಮಾಡಿದರು. ಸಾಲದ ಮಾತೇ ಎತ್ತಲಿಲ್ಲ. "ನಮ್ಮ ಆಸ್ಪತ್ರೆ ಇನ್ಸೂರೆನ್ಸ್ ಕಂತು ವರ್ಷವರ್ಷ ನೀನೇ ಕಟ್ಟಪ್ಪ" ಅಂದರು. ಮಗ ತಕ್ಷಣ ಒಪ್ಪಿದ. ಅವನ ಖಾತೆಯಿಂದಲೇ ಹೋಗುವ ಹಾಗೆ ಮಾಡಿದ್ದಾನೆ. ನನ್ನ ಬ್ಯಾಂಕಿನ ತಲೆಗೆ ಇದು ಹೊಳೆದಿರಲಿಲ್ಲ.

ಸೊಸೈಟಿ

ಇದು ಇನ್ನೂ ಮುಗಿದಿಲ್ಲ. ಒಂದು ವರ್ಷ ಬಡ್ಡಿ ಸರಿಯಾಗಿ ಬಂತು. ಆಮೇಲೆ "ಮುಂದಿನ ತಿಂಗಳು ಬನ್ನಿ" ಶುರುವಾಯಿತು. ಕಂತುಕಂತಾಗಿ 1.5 ಲಕ್ಷ ವಾಪಸ್ ಬಂದಿದೆ, 2.5 ಲಕ್ಷ ಬಾಕಿ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ, ಆರ್‌ಬಿಐ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸೊಸೈಟಿಗೆ ಅದು ಇಲ್ಲ. ಬೋರ್ಡಿನಲ್ಲಿ "ಸಹಕಾರ" ಅಂತ ಇದ್ದರೆ ನಮ್ಮ ಕಡೆ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಸಿದ್ದಣ್ಣನನ್ನು ಕರೆದೊಯ್ದ ಗೆಳೆಯರ ಹಣವೂ ಅಲ್ಲೇ ಸಿಕ್ಕಿಕೊಂಡಿದೆ, ಹಾಗಾಗಿ ಜಗಳ ಆಡುವ ಹಾಗೂ ಇಲ್ಲ.

ಈಗಿನ ಲೆಕ್ಕ

2025ರ ಜುಲೈ ಹೊತ್ತಿಗೆ ವಿಮೆಯಿಂದ ಬಂದ 3 ಲಕ್ಷ, ಸೊಸೈಟಿಯ ಒಂದೂವರೆ, ಒಂದು ವರ್ಷದ ಎಫ್‌ಡಿ, ಸ್ವಲ್ಪ ಉಳಿತಾಯ ಸೇರಿಸಿ 10 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಗೆ ಹಾಕಿದೆವು. ಮೂರು ತಿಂಗಳಿಗೆ 20,500. ತಿಂಗಳ ಲೆಕ್ಕದಲ್ಲಿ 6,833. ಪಿಂಚಣಿ 4,180, ಅಂಚೆ ಕಚೇರಿ 5,550, ಬಾಡಿಗೆ 9,000 ಸೇರಿದರೆ 25,563. ಜಮೀನನ್ನು ಅಣ್ಣನ ಮಗನಿಗೇ ವರ್ಷಕ್ಕೆ 30 ಸಾವಿರಕ್ಕೆ ಗುತ್ತಿಗೆ ಕೊಟ್ಟಾಗಿದೆ. ಮಳೆ ಬಂದರೂ ಬರದಿದ್ದರೂ ಅಷ್ಟು ಬರುತ್ತದೆ, ಬೆಲ್ಲದ ಅಚ್ಚು ನಾಲ್ಕು ಹೆಚ್ಚುವರಿ. ಒಟ್ಟು 28 ಸಾವಿರ. ಖರ್ಚು 26 ಸಾವಿರ. ಬಿಗಿಯಾಗಿದೆ, ಆದರೆ ಅಸಲು ಕರಗುತ್ತಿಲ್ಲ.

ಜಯಮ್ಮನ ಪ್ರಶ್ನೆಗೆ ಈಗಿನ ಉತ್ತರ: ಅರ್ಧ ಪಿಂಚಣಿ 2,090, ಅಂಚೆ ಕಚೇರಿ 5,550, ಬಾಡಿಗೆ 9,000. ಸೇರಿ 16,640. ಇದರ ಮೇಲೆ ಹಿರಿಯ ನಾಗರಿಕರ ಯೋಜನೆಯ 10 ಲಕ್ಷ ಅವರ ಕೈಗೆ ಬರುತ್ತದೆ. ಎಲ್ಲ ಕಡೆ ನಾಮಿನಿ ಹಾಕಿಸಿದ್ದೇವೆ. ಮನೆಯ ಬಗ್ಗೆ ಸಿದ್ದಣ್ಣ ಉಯಿಲು ಬರೆದು ನೋಂದಾಯಿಸಿದ್ದಾರೆ, ಮಗ ಮಗಳು ಇಬ್ಬರಿಗೂ ತಿಳಿಸಿಯೇ.

ಈ ಏರ್ಪಾಡಿನ ದುರ್ಬಲ ಜಾಗವನ್ನೂ ಹೇಳಬೇಕು. ಬಾಡಿಗೆ ಬಿಟ್ಟರೆ ಉಳಿದ ಯಾವುದೂ ಬೆಲೆ ಏರಿಕೆಯ ಜೊತೆ ಏರುವುದಿಲ್ಲ. ವರ್ಷಕ್ಕೆ 6% ಏರಿದರೆ ಇಂದಿನ 26 ಸಾವಿರದ ಖರ್ಚು ಹತ್ತು ವರ್ಷಕ್ಕೆ 46 ಸಾವಿರ ದಾಟುತ್ತದೆ. ಬೆಳೆಯುವ ಹೂಡಿಕೆಗೆ ಅಂತ ಇಡಬೇಕಾಗಿದ್ದ ಹಣ ಮೊದಲ ವರ್ಷದಲ್ಲೇ ಚದುರಿಹೋಗಿತ್ತು. ಅದಕ್ಕೆ ಸಿದ್ದಣ್ಣನೇ ಒಂದು ದಾರಿ ಹುಡುಕಿದರು. ಪರಿಚಯದವರ ಸಣ್ಣ ವರ್ಕ್‌ಶಾಪಿನಲ್ಲಿ ವಾರಕ್ಕೆ ಮೂರು ದಿನ ಹುಡುಗರಿಗೆ ಕೆಲಸ ಹೇಳಿಕೊಡುತ್ತಾರೆ, 8,000 ಕೊಡುತ್ತಾರೆ. ಅದರಲ್ಲಿ 5,000 ಜಯಮ್ಮನ ಹೆಸರಿನ ಇಂಡೆಕ್ಸ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ಹಣ ಹಾಕುವ ಮ್ಯೂಚುವಲ್ ಫಂಡ್) ಪ್ರತಿ ತಿಂಗಳು ಹೋಗುತ್ತದೆ. ಮಾರುಕಟ್ಟೆ ಅಂದರೆ ಹೆದರುತ್ತಿದ್ದವರು ಅವರು. "ಇದು ಕೂಲಿ ದುಡ್ಡು, ಪಿಎಫ್ ದುಡ್ಡಲ್ಲ" ಅನ್ನುವ ಧೈರ್ಯದ ಮೇಲೆ ಒಪ್ಪಿದ್ದಾರೆ.

ಇಂಥದ್ದೇ ಪರಿಸ್ಥಿತಿಯಲ್ಲಿ ಇರುವವರು ನನ್ನನ್ನು ಕೇಳಿದರೆ ಮೊದಲು ಎರಡು ಕಾಗದ ತನ್ನಿ ಅನ್ನುತ್ತೇನೆ. ಮನೆಯಲ್ಲಿ ನಿಜವಾಗಿ ಖರ್ಚು ಬರೆಯುವವರ ಮೂರು ತಿಂಗಳ ಲೆಕ್ಕ ಒಂದು. ಒಬ್ಬರು ಇಲ್ಲದಾದರೆ ಇನ್ನೊಬ್ಬರಿಗೆ ತಿಂಗಳಿಗೆ ಏನು ಬರುತ್ತದೆ ಅನ್ನುವ ಪಟ್ಟಿ ಇನ್ನೊಂದು. ನಿವೃತ್ತಿಗೆ ಆರು ತಿಂಗಳು ಇರುವಾಗಲೇ ತಂದರೆ ಒಳ್ಳೆಯದು. ಆರೋಗ್ಯ ವಿಮೆ ಬದಲಿಸಿಕೊಳ್ಳಲು, ಹಿರಿಯ ನಾಗರಿಕರ ಯೋಜನೆಯ ಗಡುವು ಹಿಡಿಯಲು ಆಗ ಸಮಯ ಇರುತ್ತದೆ. ಹಣ ಬಂದ ಮೇಲೆ ಮೂರು ತಿಂಗಳು ಸಾಮಾನ್ಯ ಖಾತೆಯಲ್ಲೇ ಬಿದ್ದಿದ್ದರೂ ಹೋಗುವುದು ಸ್ವಲ್ಪ ಬಡ್ಡಿ ಮಾತ್ರ. ಸಿದ್ದಣ್ಣ ಆರು ವಾರದಲ್ಲಿ 30 ಲಕ್ಷ ಹಂಚಿಬಿಟ್ಟಿದ್ದರು.

ಕಳೆದ ದಸರಾಕ್ಕೆ ಮಗ, ಸೊಸೆ ಬಂದಿದ್ದರು. ಹಾಲ್‌ನಲ್ಲಿ ಹಾಸಿಗೆ ಹಾಸಿದ್ದರು. ರಾತ್ರಿ ದೀಪಾಲಂಕಾರ ನೋಡಿ ಬಂದು, ಬೆಳಿಗ್ಗೆ ಎಂಟಾದರೂ ಮಗ ಅಲ್ಲೇ ಮುದುರಿ ಮಲಗಿದ್ದನಂತೆ. ಮೇಲಿನ ಮನೆಯವರು ಬಾಡಿಗೆ ಕೊಡಲು ಬಂದು, ಅವನನ್ನು ದಾಟಿಕೊಂಡು ಅಡುಗೆ ಮನೆ ಬಾಗಿಲಿಗೆ ಹೋಗಿ ಜಯಮ್ಮನ ಕೈಗೆ ಕೊಟ್ಟರಂತೆ. ಅವರು ಎಣಿಸಿ, ಅಕ್ಟೋಬರ್ ಹಾಳೆಯ ಹಿಂದೆ ಬರೆದುಕೊಂಡರು.